ಸೂರಿನಂಚಿನ ಮಂಜುಗಡ್ಡೆ

ಮೊನ್ನೆ ಉಡುಪಿಯ ನಮ್ಮ ಫ್ಲ್ಯಾಟಿನ ಟೆರೇಸಿಗೆ ಡಾಮರು ಶೀಟು ಹಾಸುತ್ತಿದ್ದರು. ಕಾದ ಡಾಮರಿನ ವಾಸನೆ ಅಡುಗೆಮನೆಗೆ ಬಂದದ್ದೇ ತಡ, ಒಲೆ ಆರಿಸಿ ಕುಳಿತುಬಿಟ್ಟೆ. ತೊಂಬತ್ತರ ದಶಕದಲ್ಲಿ, ಬಹರೈನಿನ ಮನಾಮದಲ್ಲಿ, ನಮ್ಮ ಪಕ್ಕದ ಮನೆಯವರು ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗ ಇದೇ ವಾಸನೆ ಬರುತ್ತಿತ್ತು... ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ನಾನು ಅವರನ್ನು ಪರ್ಬುಗಳು ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಬಾಯಿ.

ಪರ್ಬುಗಳು ಛಾವಣಿ ಕೆಲಸದ ಫೋರ್‌ಮನ್. ಹಮದ್ ಟೌನಿನ ಎಷ್ಟೋ ಮನೆಗಳೊಳಗೆ ಬಿಸಿಲು ಇಳಿಯದಂತೆ ಮಾಡಿದವರು. ಬಾಯಿ ನರ್ಸ್. ಇಬ್ಬರಿಗೂ ಕೆನಡಾದ ವೀಸಾ ಆಯಿತು. ಆದರೆ ಪರ್ಬುಗಳ ಪಾಸ್‌ಪೋರ್ಟ್ ಕಂಪನಿಯ ಕೈಯಲ್ಲಿತ್ತು, ಕಾಂಟ್ರ್ಯಾಕ್ಟ್ ಮುಗಿಯದೆ ಕೊಡುವುದಿಲ್ಲ ಎಂದರು. ಬಾಯಿ ಮೊದಲು ಹೋದರು. ಇವರು ಮನೆ ಖಾಲಿ ಮಾಡಿ ಸಲ್ಮಾಬಾದಿನಲ್ಲಿ ಕಂಪನಿಯ ಕೆಲಸಗಾರರ ಕ್ಯಾಂಪು ಸೇರಿದರು. ಶುಕ್ರವಾರ ಸಂಜೆ ಇಸ್ತ್ರಿ ಶರ್ಟು ಹಾಕಿಕೊಂಡು ನಮ್ಮ ಮನೆಗೆ ಬರುತ್ತಿದ್ದರು, ಬಾಯಿಯ ಫೋನಿಗಾಗಿ. ಫೋನಿನಲ್ಲಿ ಇಸ್ತ್ರಿ ಕಾಣುತ್ತದಾ ಎಂದು ನಾನು ಕಾಲೆಳೆಯುತ್ತಿದ್ದೆ.

ಚಳಿಗಾಲ ಬಂದ ಮೇಲೆ ಬಾಯಿಯ ಬಾಡಿಗೆ ಮನೆ ಸೋರತೊಡಗಿತು. "ನಮ್ಮ ಊರಲ್ಲಿ ಮಳೆಗೆ ಸೋರುದು ಅಕ್ಕ. ಇಲ್ಲಿ ಮಳೆಯೇ ಇಲ್ಲ, ಗೋಡೆಯಲ್ಲಿ ನೀರು ಇಳೀತದೆ ಮಾರಾಯ್ರೆ," ಎಂದು ನನ್ನ ಹತ್ತಿರ ನಕ್ಕರು.

ಪರ್ಬುಗಳು ಕಂಪನಿಯ ಕೆನಡಾದ ಇಂಜಿನಿಯರನ್ನು ಕೇಳಿಕೊಂಡು ಬಂದರು. ಹೀಟರಿನ ಬಿಸಿ ಸೀಲಿಂಗಿನ ಸಂದುಗಳಿಂದ ಅಟ್ಟಕ್ಕೆ ಏರಿ ಮಾಡಿನ, ಎಂದರೆ ಛಾವಣಿಯ, ಹಿಮವನ್ನು ಕರಗಿಸುತ್ತದಂತೆ. ಆ ನೀರು ಸೂರಿನ ತುದಿಗೆ ಬಂದು ಮತ್ತೆ ಹೆಪ್ಪುಗಟ್ಟುತ್ತದೆ, ಕಟ್ಟೆಯ ಹಾಗೆ. ಹಿಂದಿನಿಂದ ಬಂದ ನೀರಿಗೆ ದಾರಿಯಿಲ್ಲ, ಮನೆಯೊಳಗೆ ಇಳಿಯುತ್ತದೆ. ಆ ಮಂಜುಗಡ್ಡೆ ಒಡೆದು ಪ್ರಯೋಜನವಿಲ್ಲ. ಒಳಗಿನ ಸಂದು ಮುಚ್ಚಬೇಕು, ಅಟ್ಟದ ನೆಲಕ್ಕೆ ದಪ್ಪಗೆ ಉಣ್ಣೆಯಂಥದ್ದು ಹಾಸಬೇಕು, ಮಾಡನ್ನು ತಣ್ಣಗೇ ಬಿಡಬೇಕು. ಇಲ್ಲಿ ಬಿಸಿ ಒಳಗೆ ಬಾರದಂತೆ ಹಾಸುವುದನ್ನೇ ಅಲ್ಲಿ ಬಿಸಿ ಹೊರಗೆ ಹೋಗದಂತೆ ಹಾಸುವುದು ಎಂದು ನನಗೆ ವಿವರಿಸುವಾಗ ಅವರ ಮುಖ ಅರಳಿತ್ತು. ಹೆಂಡತಿಯ ಮನೆಯಲ್ಲಿ ತನಗೊಂದು ಕೆಲಸ ಕಾದಿದೆಯಲ್ಲ! ನಾನು ಬಂದು ಎಲ್ಲ ಮಾಡುತ್ತೇನೆ, ನೀನು ಬಕೆಟ್ ಇಟ್ಟುಕೊಂಡಿರು ಎಂದು ಬಾಯಿಗೆ ಹೇಳಿದರು.

ಆದರೆ ಬಾಯಿ ಕೈಕಟ್ಟಿ ಕೂರುವ ಜಾತಿಯವರಲ್ಲ. ಸಣ್ಣವರಿರುವಾಗ ಪ್ರತಿ ವರ್ಷ ಮಳೆಗೆ ಮುಂಚೆ ಅಪ್ಪನ ಜೊತೆ ಮಾಡಿಗೆ ಹತ್ತಿ ಒಡೆದ ಹಂಚು ಬದಲಿಸಿದವರು. ಸೋರಿದರೆ ಏಣಿ ಇಡುವುದು, ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಆ ಶುಕ್ರವಾರ ಫೋನು ಎತ್ತಿದವಳು ನಾನು. ಆಚೆಯಿದ್ದದ್ದು ಬಾಯಿಯಲ್ಲ, ಅವರ ಜೊತೆ ಕೆಲಸ ಮಾಡುವ ಮಲಯಾಳಿ ನರ್ಸ್. ಪರ್ಬುಗಳು ನಗುತ್ತಲೇ ರಿಸೀವರ್ ತೆಗೆದುಕೊಂಡರು... ಬಾಯಿ ಸುತ್ತಿಗೆ ಹಿಡಿದು ಏಣಿ ಹತ್ತಿದ್ದರಂತೆ, ಸೂರಿನ ಗಡ್ಡೆ ಒಡೆಯಲು. ಏಣಿಯ ಕಾಲು ಮಂಜಿನ ಮೇಲೆ ಜಾರಿತಂತೆ.

ಅವರು ಅಳಲಿಲ್ಲ. ಫೋನಿಟ್ಟು, "ಅವಳಿಗೆ ಅದು ಹಂಚಿನ ಮಾಡಾಗಿ ಕಂಡಿತು ಅಕ್ಕ," ಎಂದರು.

ತಿಂಗಳುಗಟ್ಟಲೆ ಕೊಡಲಾಗದ ಪಾಸ್‌ಪೋರ್ಟನ್ನು ಕಂಪನಿ ಮರುದಿನವೇ ಕೊಟ್ಟಿತು. ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕೊಡಬಹುದಾಗಿತ್ತು, ಹಾಗಾದರೆ.

ಪರ್ಬುಗಳು ಕೆನಡಾಕ್ಕೆ ಹೋಗಿ, ಮಣ್ಣು ಮಾಡಿ ವಾಪಸು ಬರುತ್ತಾರೆ ಎಂದುಕೊಂಡಿದ್ದೆವು. ಬರಲಿಲ್ಲ. ಮುಂದಿನ ಚಳಿಗಾಲದಲ್ಲಿ ಒಂದು ಶುಕ್ರವಾರ ಸಂಜೆ ಫೋನು ಬಂತು. ಬಾಯಿಯ ಅದೇ ಬಾಡಿಗೆ ಮನೆಯಲ್ಲಿ ಇದ್ದರಂತೆ. ಸಂದುಗಳನ್ನೆಲ್ಲ ಮುಚ್ಚಿ, ಅಟ್ಟದ ತುಂಬ ಉಣ್ಣೆಯಂಥದ್ದು ಹಾಸಿದ್ದರಂತೆ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿತ್ತಂತೆ. ಊರಿಗೆ ಹೋಗಿ ಪರ್ಬುಗಳೇ, ಅಲ್ಲಿ ಯಾರಿದ್ದಾರೆ ನಿಮಗೆ ಎಂದು ನಾನು ಬೈದೆ.

"ಇಡೀ ದಿನ ಸೀಲಿಂಗ್ ನೋಡ್ತಾ ಕೂತಿದ್ದೇನೆ ಅಕ್ಕ," ಎಂದರು. "ಒಂದು ಹನಿ ಬೀಳುದಿಲ್ಲ."

ಬಾಯಿ ತೀರಿಕೊಂಡ ದಿನವೂ ನಾನು ಅಷ್ಟು ಅತ್ತಿರಲಿಲ್ಲ. ಆಮೇಲೆ ನಾವು ಬಹರೈನ್ ಬಿಟ್ಟೆವು, ನಂಬರೂ ಹೋಯಿತು. ಅವರು ಇದ್ದಾರೋ ಇಲ್ಲವೋ ತಿಳಿಯದು. ಕೆಲವು ಶುಕ್ರವಾರ ಸಂಜೆ ಫೋನು ರಿಂಗಾದರೆ ಈಗಲೂ ಎತ್ತುವ ಮೊದಲು ಒಂದು ಗಳಿಗೆ ಕೈ ಹಿಂದೆ ಬರುತ್ತದೆ.