ಕುಂದಾಣದ ಕೋಳಿಗಳು

ಇದ್ದಿಲಿನ ಅನಿಲದಿಂದ ಓಡುವ ನಮ್ಮ ಬಸ್ಸು ಇದ್ದಿಲು ತುಂಬಿಸಲು ಕುಂದಾಣದಲ್ಲಿ ನಿಂತಿತು. ರಸ್ತೆ ಬದಿಯ ಮನೆಯ ಮುಂದೆ ಮುನಿಯಮ್ಮ ಎಂಬ ಮುದುಕಿ ಕೋಳಿಗಳ ಮೇಲೆ ಕವುಚಿದ್ದ ಮಕ್ಕರಿ ಎತ್ತಲು ಹೆದರಿ ನಿಂತಿದ್ದಳು. ಹೋದ ವರ್ಷದ ರೋಗದಲ್ಲಿ ಅವಳಿಗೆ ಉಳಿದದ್ದು ಒಂದು ಹೇಂಟೆ, ಒಂದು ಹುಂಜ ಮಾತ್ರವಂತೆ. ಈಗಿರುವವೆಲ್ಲ ಅವುಗಳ ಮರಿಗಳು. ಅದೇ ರೋಗ ಮತ್ತೆ ಬಂದು, ಪಕ್ಕದ ಮನೆಯವರು ಸಂತೆಯಿಂದ ತಂದಿದ್ದ ಕೋಳಿಗಳೆಲ್ಲ ನಿನ್ನೆ ಸತ್ತಿದ್ದವು.

“ನೀವೇ ಎತ್ತಿ ಸ್ವಾಮಿ, ನನ್ ಕೈಲಾಗಾಕಿಲ್ಲ,” ಎಂದಳು, ಬಸ್ಸಿಳಿದು ಹತ್ತಿರ ಹೋದ ನನಗೆ.

ಎತ್ತಿದೆ. ಎಲ್ಲವೂ ರೆಕ್ಕೆ ಬಡಿಯುತ್ತ ಹೊರಗೋಡಿದವು. ಅವಳು ಅಲ್ಲೇ ಕುಳಿತು ನಕ್ಕಳು.

“ರೋಗ ತಡೆಯೋ ಶಕ್ತಿ ಇದ್ದವು ಉಳಿದ್ವು, ಅದೇ ಶಕ್ತಿ ಮರಿಗಳಿಗೂ ಬಂದಿದೆ. ತಲೆಮಾರುಗಳು ಕಳೆದಂತೆ ಹೀಗೇ ಕುಲವೇ ಬದಲಾಗುತ್ತಮ್ಮ,” ಎಂದೆ.

ಬಸ್ಸು ಹೊರಡುವಾಗ ಅವಳು ಓಡಿಬಂದು ನನ್ನ ಕೈಗೆ ಮೊಟ್ಟೆಯೊಂದನ್ನಿಟ್ಟಳು.

“ತಿಂದ್ಗಿಂದ್ಬಿಟ್ಟೀರಾ! ಊರಿಗೋಗಿ ಕಾವಿಗಿಡಿ.”