ಸೂಟಿನವನ ಸಿನಿಮಾ, ಎರಡು ಕುರಿಗಳ ಕಿವಿ

ಹುಕ್ಕೇರಿಯ ಒಂದು ಕಾಲೇಜಿನವರು ಬೇಸಿಗೆಯ ಉಪನ್ಯಾಸಕ್ಕೆ ಕರೆದಾಗ ವಿಷಯವನ್ನು ನಾನೇ ಆರಿಸಿಕೊಂಡೆ. ದಶಕಗಳಿಂದ ಒಂದರ ಬೆನ್ನಿಗೊಂದು ಬರುತ್ತಲೇ ಇರುವ ಆ ವಿದೇಶಿ ಗೂಢಚಾರನ ಸಿನಿಮಾಗಳು ಯಾಕೆ ಇನ್ನೂ ಹಳತಾಗಿಲ್ಲ ಎನ್ನುವುದು ವಿಷಯ. ಗೋಕಾಕದಲ್ಲಿ ಪದವಿ ತರಗತಿಗಳಿಗೆ ಪಾಠ ಹೇಳುವ ನನಗೆ ಈ ಬಗ್ಗೆ ಹೇಳುವಂಥದು ಏನೋ ಇದೆ ಅನ್ನಿಸಿತ್ತು. ನಿಜವಾಗಿ ಆ ಸರಣಿಯ ಮೇಲೆ ನನಗಿಂತ ಹೆಚ್ಚು ಪ್ರೀತಿ ಇದ್ದದ್ದು ನನ್ನ ಸೋದರಮಾವನಿಗೆ.

ಮಾವ ಮಸಗುಪ್ಪಿಯಲ್ಲಿ ಕುರಿ ಕಾಯುತ್ತಾನೆ. ಸಂಜೆ ಯಾರದೋ ಹೊಲದಲ್ಲಿ ಕುರಿ ತರುಬಿ ಕೂಡಿಹಾಕಿದ ಮೇಲೆ ಕಂಬಳಿ ಹಾಸಿಕೊಂಡು ಮೊಬೈಲಿನಲ್ಲಿ ಹಿಂದಿಗೆ ಡಬ್ ಆದ ಆ ಸಿನಿಮಾಗಳನ್ನು ನೋಡುತ್ತಾನೆ. ಹಿಂದಿ ಅರ್ಧ ತಿಳಿಯುತ್ತದೆ, ಉಳಿದರ್ಧ ಬೇಕಾಗಿಯೂ ಇಲ್ಲ. ನಾಯಕನನ್ನು ಅವನು ಕರೆಯುವುದು ‘ಸೂಟಿನವ’ ಎಂದು. ನಟ ಬದಲಾದರೂ ಅವನಿಗೆ ತಕರಾರಿಲ್ಲ.

“ಇವಗ ಹೆಂಡ್ತಿಲ್ಲ, ಮಕ್ಕಳಿಲ್ಲ, ಕೈಯಾಗ ಒಂದು ಚೀಲ ಸುದ್ದಾ ಇಲ್ಲ,” ಅಂದಿದ್ದ ಒಮ್ಮೆ. “ಮತ್ತ ದಿನಾ ಇಸ್ತ್ರಿ ಅಂಗಿ ಎಲ್ಲಿಂದ ಬರತೈತಿ ಅಂತೀನಿ?”

“ಅದನ್ನ ತೋರಿಸಿದ್ರ ಸಿನಿಮಾ ಮುಗೀತಲ್ಲ ಮಾಮಾ.”

“ಹಂಗಾರ ನಿಮ್ಮ ಮಾಮಿನ್ನ ಅದರಾಗ ಹಾಕಬೇಕು. ದುನಿಯಾ ಉಳಿಸಿ ಮನಿಗಿ ಬಂದ್ರೂ, ಅಂಗಿ ಎಲ್ಲಿ ಹರಕೊಂಡಿ ಅಂತ ಮೊದಲ ಕೇಳತಾಳ.”

ನನ್ನ ಉಪನ್ಯಾಸದ ಮೊದಲ ಭಾಗ ಹುಟ್ಟಿದ್ದು ಇಂಥ ಮಾತುಗಳಿಂದಲೇ. ಈ ಸಿನಿಮಾಗಳು ಮುಖ್ಯ ಕತೆಗೆ ಸಂಬಂಧವೇ ಇಲ್ಲದ ಒಂದು ಸಾಹಸದಿಂದ ಶುರುವಾಗುತ್ತವೆ. ಹೆಸರುಗಳು ತೆರೆಯ ಮೇಲೆ ಬರುವ ಮೊದಲೇ ಅವನು ಒಮ್ಮೆ ಸಾವನ್ನು ದಾಟಿರುತ್ತಾನೆ. ಹಾಗಾಗಿ ಅವನು ಉಳಿಯುತ್ತಾನೋ ಇಲ್ಲವೋ ಎಂಬ ಭಯ ನಮಗಿಲ್ಲ. ಎಷ್ಟು ನೀಟಾಗಿ ಉಳಿಯುತ್ತಾನೆ ಎಂಬ ಕುತೂಹಲ ಮಾತ್ರ. ಭಯವನ್ನು ತೆಗೆದು ಕುತೂಹಲವನ್ನು ಉಳಿಸುವುದು ಸಣ್ಣ ಕಸುಬಲ್ಲ. ಮುಖ ಬದಲಾಗುತ್ತದೆ, ಶತ್ರುದೇಶ ಬದಲಾಗುತ್ತದೆ, ಕಾರು ಬದಲಾಗುತ್ತದೆ. ಬದಲಾಗದಿರುವುದು ಅವನು ಒಂದು ಕೋಣೆಯೊಳಗೆ ನಡೆದು ಬರುವ ರೀತಿ. ಆ ಕೋಣೆ ತನಗಾಗಿಯೇ ಕಾಯುತ್ತಿತ್ತು ಎಂಬಂತೆ ಬರುತ್ತಾನೆ. ನಾವ್ಯಾರೂ ಯಾವ ಕೋಣೆಗೂ ಹಾಗೆ ಬಂದವರಲ್ಲ.

ಇಷ್ಟು ಬರೆದುಕೊಂಡ ಮೇಲೆ ಮಾವನನ್ನು ಇನ್ನೊಮ್ಮೆ ಕೇಳೋಣ ಎಂದು ಮಸಗುಪ್ಪಿಗೆ ಹೋದೆ. ಒಂದು ನಿರ್ದಿಷ್ಟ ದೃಶ್ಯವನ್ನು ಅವನಿಗೆ ತೋರಿಸಿ ಅವನು ಎಲ್ಲಿ ನಗುತ್ತಾನೆ ಎಂದು ನೋಡುವುದು ನನ್ನ ಉದ್ದೇಶ. ನಾಯಕ ಯಾವುದೋ ಊರಿನ ಸಂತೆಯ ನಡುವೆ ಮೋಟಾರು ಸೈಕಲ್ ಓಡಿಸಿಕೊಂಡು ಹೋಗುವ ದೃಶ್ಯ ಅದು.

ಮಧ್ಯಾಹ್ನದ ಬಿಸಿಲು. ಕುರಿಗಳು ಬೀಳು ಹೊಲದಲ್ಲಿ ಮೇಯುತ್ತಿದ್ದವು. ಮಾವ ಒಡ್ಡಿನ ಮೇಲೆ ಕೋಲು ಹಿಡಿದು ನಿಂತಿದ್ದ. ಒಡ್ಡಿನ ಆಚೆಗೆ ಜೋಳ ಕೊಯ್ದ ಹೊಲ. ಅಡ್ಡಮಳೆಗೆ ಅದರ ಕೂಳೆಗಳು ಮತ್ತೆ ಒಡೆದು ಗೇಣುದ್ದದ ಹಸಿರು ಚಿಗುರು ಬಂದಿತ್ತು. ಆ ಚಿಗುರು ಗಿಡ್ಡವಿರುವಾಗ ಕುರಿಗೆ ವಿಷ. ಕುರಿ ಕಾಯುವವರ ಹಟ್ಟಿಯಲ್ಲಿ ಹುಟ್ಟಿದ ಯಾರಿಗೂ ಅದನ್ನು ಹೇಳಿಕೊಡಬೇಕಾಗಿಲ್ಲ. ನನ್ನ ಅವ್ವ ಅದೇ ಹಟ್ಟಿಯವಳು, ಆದ್ದರಿಂದ ನನಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಬಿಸಿಲಿಗೆ ಮೊಬೈಲಿನ ತೆರೆ ಕಾಣುತ್ತಿರಲಿಲ್ಲ. “ಮಾಮಾ, ಗಿಡದ ನೆರಳಿಗೆ ಬಾ,” ಎಂದೆ. ಅವನು ಒಮ್ಮೆ ಒಡ್ಡಿನ ಕಡೆ ನೋಡಿ, “ಐದ ನಿಮಿಷ ಅಷ್ಟ ನೋಡು,” ಎಂದು ಬಂದ.

ನನಗೆ ನೆನಪಿರುವುದು ಹೀಗೆ. ಆದರೆ ಆ ರಾತ್ರಿ ದಿನಚರಿಯಲ್ಲಿ ಬರೆದದ್ದು ಬೇರೆ: ‘ಮಾವ ಬಿಸಿಲು ತಾಳದೆ ನೆರಳಿಗೆ ಬಂದ.’ ಒಂದು ದಿನವೂ ಕಳೆಯುವ ಮೊದಲೇ ನಾನು ನನ್ನ ಪರವಾಗಿ ಬರೆಯಲು ಶುರುಮಾಡಿದ್ದೆ. ಯಾವುದು ಸರಿ ಎಂದು ಕೇಳಿದರೆ, ನನಗೆ ಅನುಕೂಲವಲ್ಲದ್ದೇ ಸರಿ ಇರಬೇಕು ಎನ್ನುತ್ತೇನೆ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನನ್ನಲ್ಲಿಲ್ಲ.

ಬೇವಿನ ಗಿಡದ ಕೆಳಗೆ ಅವನನ್ನು ಕುರಿಗಳಿಗೆ ಬೆನ್ನು ಮಾಡಿ ಕೂರಿಸಿದೆ. ಅವನ ಮೈಯ ನೆರಳು ತೆರೆಯ ಮೇಲೆ ಬೀಳಲಿ ಎಂದು. ಸಂತೆಯ ದೃಶ್ಯ ಓಡಿತು. ಹಣ್ಣಿನ ಗಾಡಿ ಉರುಳಿತು, ಮಡಿಕೆಗಳ ಸಾಲು ಪುಡಿಯಾಯಿತು, ಬಟ್ಟೆ ಅಂಗಡಿಯ ಕೆಂಪು ಥಾನು ಬಿಚ್ಚಿಕೊಂಡು ನಾಯಕನ ಹಿಂದೆ ಹಾರಿತು. ಹಣ್ಣಿನವನು ಎರಡೂ ಕೈ ಮೇಲೆತ್ತಿದ. ಮಾವ ಅಲ್ಲಿ ನಕ್ಕ. “ಯಾಕ ನಕ್ಕಿ?” ಎಂದು ಕೇಳಿದೆ. “ಸೂಟಿನವ ಹಿಂದ ಹೊಳ್ಳಿ ಸುದ್ದಾ ನೋಡಲಿಲ್ಲವಾ,” ಎಂದ. ಇನ್ನೊಮ್ಮೆ ತೋರಿಸಿದೆ. ಮತ್ತೊಮ್ಮೆಯೂ ತೋರಿಸಿದೆ ಎಂದು ಕಾಣುತ್ತದೆ.

ಕುರಿಯ ಕೂಗಲ್ಲ, ಕೂಗು ನಿಂತದ್ದು ಅವನನ್ನು ಎದ್ದು ನಿಲ್ಲಿಸಿತು. ಒಡ್ಡಿನ ಆಚೆಗೆ ಒಂದು ಕುರಿ ಬಿದ್ದು ಕಾಲು ಬಡಿಯುತ್ತಿತ್ತು. ಇನ್ನೊಂದು ನಿಂತಲ್ಲೇ ತೂರಾಡುತ್ತಿತ್ತು, ಚಿಗುರು ಮೇಯ್ದ ಇನ್ನೂ ಕೆಲವು ಮಂಡಿಯೂರುತ್ತಿದ್ದವು. ಮಾವ ಓಡುತ್ತಲೇ, “ಬೆಲ್ಲಾ ತಗೊಂಡ ಬಾ!” ಎಂದು ಕೂಗಿದ. ಹೊಲದ ಮನೆಯಿಂದ ಬೆಲ್ಲದ ಉಂಡೆ, ಕೊಡ ನೀರು ತಂದೆ. ಕದಡಿ, ಬಾಟಲಿಗೆ ತುಂಬಿ, ನಾನು ದವಡೆ ಹಿಡಿದರೆ ಅವನು ಹೊಯ್ದ. ಮೂಡಲಗಿಯಿಂದ ದನದ ಡಾಕ್ಟರು ಬೈಕಿನಲ್ಲಿ ಬಂದು ಸೂಜಿ ಹಾಕಿದರು. ಹೆಚ್ಚಿನವು ಎದ್ದವು. ಎರಡು ಏಳಲಿಲ್ಲ.

ಎರಡರದೂ ಎಡಗಿವಿಯ ತುದಿಯನ್ನು ಗುರುತಿಗೆಂದು ಕತ್ತರಿಸಿದ್ದರು. ಅಂದರೆ ಮಾವನವಲ್ಲ, ದಡ್ಡಿ ಎಂಬ ಊರಿನಲ್ಲಿರುವ ಆಯಿಯವು. ಆಯಿ ಮಾವನಿಗೆ ಚಿಗವ್ವ, ಅವನ ತಾಯಿಯ ತಂಗಿ. ಅವಳ ಮನೆಯಲ್ಲಿ ಕಾಯುವವರಿಲ್ಲ, ಅದಕ್ಕೆ ಅವಳ ಕುರಿಗಳು ಎಷ್ಟೋ ವರ್ಷದಿಂದ ಮಾವನ ಹಿಂಡಿನಲ್ಲಿವೆ. ಹೀಗೆ ಬೇರೆಯವರ ಕುರಿ ಕಾಯುವವನಿಗೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಕುರಿ ಸತ್ತರೆ ಅದರ ಗುರುತಿನ ಕಿವಿ ಕೊಯ್ದು ಒಡೆಯರ ಹೊಸ್ತಿಲಿಗೆ ಒಯ್ದು ಮುಂದಿಡಬೇಕು, ಹೇಗೆ ಸತ್ತಿತು ಎಂದು ಬಾಯಿಯಿಂದ ಹೇಳಬೇಕು. ಸಾಕ್ಷಿ ಕೇಳುವುದಿಲ್ಲ. ಮೊಬೈಲಿನ ಫೋಟೊ ನಡೆಯುವುದಿಲ್ಲ. ಕಿವಿಯ ಮುಂದೆ ಆಡಿದ ಮಾತು ನಿಜ ಎಂದೇ ನಡೆಯುತ್ತದೆ. ಅದು ನಡೆಯದ ದಿನ ಕಾಯುವವನ ಹತ್ತಿರ ಯಾರೂ ಕುರಿ ಬಿಡುವುದಿಲ್ಲ.

ಮರುದಿನ ನನ್ನ ಹಳೆಯ ಕಾರಿನಲ್ಲಿ ಹೊರಟೆವು. ಉಪ್ಪು ಸವರಿದ ಕಿವಿಗಳು ಬಟ್ಟೆಯ ಗಂಟಿನಲ್ಲಿ ಮಾವನ ತೊಡೆಯ ಮೇಲಿದ್ದವು. ಯಮಕನಮರಡಿಯಲ್ಲಿ ಹೆದ್ದಾರಿ ಪಕ್ಕ ನಿಲ್ಲಿಸಿದಾಗ ಅವನು, “ನನಗ ಕಣ್ಣ ಹತ್ತಿತ್ತು ಅಂತ ಹೇಳತೀನಿ. ನೀ ಬಾಯಿ ಬಿಡಬ್ಯಾಡ,” ಎಂದ.

“ಯಾಕ ಮಾಮಾ? ಕರದಾಕಿ ನಾನು.”

“ನಿನ್ನ ಹೆಸರ ಬಂದ್ರ ನಿಮ್ಮವ್ವಂದೂ ಬರತೈತಿ. ಕಲತ ಮಗಳು ಬಂದು ಕುರಿ ಕೊಂದ್ಲು ಅಂತಾರ. ನಿದ್ದಿಗೇನ, ಯಾರಿಗಾದ್ರೂ ಬರತೈತಿ.”

ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಮಾವ ಗಂಟು ಬಿಚ್ಚಿ ಇಟ್ಟ. ಅವಳು ಒಂದೊಂದೇ ಕಿವಿ ತೆಗೆದು ಕತ್ತರಿಸಿದ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು.

“ಹೆಂಗ ಸತ್ತವು?”

“ಕೂಳಿ ತಿಂದವು ಚಿಗವ್ವಾ. ನನಗ ಕಣ್ಣ ಹತ್ತಿತ್ತು.”

“ನಿಂತಲ್ಲೇ ಮಲಗಾಕ ನೀ ಏನ ಕುದರಿ ಏನೋ?” ಎಂದು ಬೈದಳು. ಕಿವಿಗಳನ್ನು ಮತ್ತೆ ಬಟ್ಟೆಯೊಳಗಿಟ್ಟು, “ನಿನಗೂ ವಯಸ್ಸಾತು, ಬಿಡು. ತಲಿಗಿ ಹಸಿ ಅರಿವಿ ಸುತ್ತಗೊಂಡ ನಿಲ್ಲಬೇಕು ಬಿಸಲಾಗ. ಉಳಿದವು ಅಲ್ಲೇ ಇರ್ಲಿ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಪ್ರೊಫೆಸರ್‌ಬಾಯಿ ಯಾಕ ಮಾರಿ ಇಷ್ಟ ಮಾಡ್ಯಾಳ? ಸತ್ತದ್ದು ನನ್ನ ಕುರಿ, ಅಕಿದಲ್ಲ!” ಎಂದು ನಕ್ಕಳು. ಚಹಾ, ಚುರುಮುರಿ ಬಂತು. ತಿಂದೆ. ಹಸಿವಾಗಿತ್ತು, ಅದೂ ನೆನಪಿದೆ.

ಉಪನ್ಯಾಸ ಅದಾದ ಮುಂದಿನ ವಾರ. ಹುಕ್ಕೇರಿಯ ಸಭಾಂಗಣ ತುಂಬಿತ್ತು. ಕೊಲೆಯಾದ ತಕ್ಷಣ ಈ ನಾಯಕ ಒಂದು ಸಣ್ಣ ಚಟಾಕಿ ಹಾರಿಸುತ್ತಾನೆ, ಆ ಚಟಾಕಿ ಕೈ ತೊಳೆಯುವ ನೀರಿನಂತೆ ಕೆಲಸ ಮಾಡುತ್ತದೆ ಎಂದು ವಿವರಿಸಿದೆ. ಸಾವು ಸಭ್ಯವಾಗುತ್ತದೆ, ನಾವು ನಕ್ಕು ಪಾಲುದಾರರಾಗುತ್ತೇವೆ. ಖಳನಾಯಕರ ಬಗ್ಗೆಯೂ ಹೇಳಿದೆ. ಅವರು ತಮ್ಮ ಸಂಚನ್ನು ಪೂರ್ತಿ ವಿವರಿಸದೆ ಕೊಲ್ಲುವುದಿಲ್ಲ. ಊಟಕ್ಕೆ ಕೂರಿಸಿ, ಬಡಿಸಿ, ತಾವು ಯಾಕೆ ಹೀಗಾದೆವು ಎಂದು ಹೇಳಿಕೊಳ್ಳುತ್ತಾರೆ. ಇಡೀ ಸಿನಿಮಾದಲ್ಲಿ ತನ್ನ ಕೆಲಸಕ್ಕೆ ಕಾರಣ ಕೊಡುವವನು ಖಳನೊಬ್ಬನೇ. ಸಂತೆಯ ದೃಶ್ಯ ಹಾಕಿದಾಗ ವಿದ್ಯಾರ್ಥಿಗಳು ನಕ್ಕದ್ದು ಮಾವ ನಕ್ಕಲ್ಲಿಯೇ.

ಆಗ, ಬರೆದುಕೊಂಡಿರದ ಒಂದು ಮಾತು ನನ್ನ ಬಾಯಿಂದ ಬಂತು: “ಇವನು ಯಾರ ಹೊಸ್ತಿಲಿಗೂ ಹೋಗಿ ಉತ್ತರ ಹೇಳಬೇಕಾಗಿಲ್ಲ. ಈ ಸರಣಿ ನಮಗೆ ಕೊಡುವ ದೊಡ್ಡ ಸುಖ ಅದು.” ಚಪ್ಪಾಳೆ ಬಿತ್ತು. ನನಗೂ ಆ ವಾಕ್ಯ ಹಿಡಿಸಿತು. ಕುರ್ಚಿಯಲ್ಲಿ ಕೂತ ಮೇಲೂ ಅದನ್ನೇ ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿದ್ದೆ. ಅದು ಎಲ್ಲಿಂದ ಬಂದದ್ದು ಎಂದು ಹೊಳೆದದ್ದು ಆಮೇಲೆ. ಮಾವ ತಲೆ ತಗ್ಗಿಸಿ ನಿಂತ ಆ ಹೊಸ್ತಿಲಿನಿಂದ ನಾನು ಒಂದು ಒಳ್ಳೆಯ ವಾಕ್ಯ ಎತ್ತಿಕೊಂಡು ಬಂದಿದ್ದೆ, ಅದಕ್ಕಾಗಿ ವೇದಿಕೆಯ ಮೇಲೆ ಶಾಲು ಹೊದಿಸಿಕೊಂಡಿದ್ದೆ. ಊಟಕ್ಕೆ ನಿಲ್ಲದೆ ಕಾರು ಹತ್ತಿದೆ. ಗೋಕಾಕದ ಕಡೆಗಲ್ಲ, ದಡ್ಡಿಯ ಕಡೆಗೆ.

ಆಯಿಗೆ ಎಲ್ಲ ಹೇಳಿದೆ. ನೆರಳಿಗೆ ಕರೆದದ್ದು, ಬೆನ್ನು ಮಾಡಿ ಕೂರಿಸಿದ್ದು, ಮತ್ತೆ ಮತ್ತೆ ತೋರಿಸಿದ್ದು. ತಪ್ಪು ನನ್ನದು, ಮಾವನದಲ್ಲ ಎಂದೆ. ಅವಳು ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಬಹುಶಃ ಬೈಯಲಿ ಎಂದೇ ಹೋಗಿದ್ದೆ.

ಅವಳು ಕೇಳಿದ್ದು ಬೇರೆ. “ಹಂಗಾರ ಅವಗ ನಿದ್ದಿ ಹತ್ತಿರಲಿಲ್ಲ?”

“ಇಲ್ಲ ಆಯಿ.”

“ಕಿವಿ ಮುಂದಿಟ್ಟು ಸುಳ್ಳ ಹೇಳಿದ.”

“ನನ್ನ ಸಲುವಾಗಿ ಹೇಳ್ಯಾನ ಆಯಿ.”

“ಯಾರ ಸಲುವಾಗಿ ಅಂತ ನಾ ಕೇಳಿಲ್ಲ.” ಅವಳ ದನಿ ಏರಲಿಲ್ಲ. “ಹಿಂದ ಮಳಿಗಾಲದಾಗ ಒಂದು ಕಿವಿ ತಂದಿದ್ದ, ತ್ವಾಳ ಹಿಡೀತು ಅಂದ. ಅದರ ಮೊದಲ ಒಂದು, ಹೊಟ್ಟಿ ಉಬ್ಬಿ ಅಂದ. ಅವು?”

“ಅವೆಲ್ಲ ಖರೇನ ಆಯಿ.”

“ನಿನಗೇನ ಗೊತ್ತು? ನೀ ಅಲ್ಲಿದ್ದೇನು?”

ನಾನು ಅಲ್ಲಿರಲಿಲ್ಲ. ಅಲ್ಲಿದ್ದ ದಿನದ ಬಗ್ಗೆಯೇ ನನ್ನ ಬಳಿ ಎರಡು ಕತೆಗಳಿವೆ. ಇದನ್ನು ಅವಳಿಗೆ ಹೇಳಲಿಲ್ಲ.

ನನ್ನ ಲೆಕ್ಕ ಎಲ್ಲಿ ತಪ್ಪಿತು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಓದಿದವರಲ್ಲಿ ನಿಜ ಹೇಳುವುದೆಂದರೆ ಒಂದು ವಿಷಯವನ್ನು ಸರಿಪಡಿಸುವುದು. ಆಯಿಯ ಲೋಕದಲ್ಲಿ ಎರಡು ಕುರಿಯ ಸಾವು ಆಗಲೇ ಮುಗಿದಿತ್ತು. ಅಲ್ಲಿ ಜೀವಂತವಾಗಿದ್ದದ್ದು ಮಾವನ ಮಾತೊಂದೇ, ನಾನು ಹೋಗಿ ಕೆಡವಿದ್ದು ಅದನ್ನು. ಹಟ್ಟಿಯ ಮಗಳಾಗಿ ಇದು ನನಗೆ ತಿಳಿದಿರಬೇಕಿತ್ತು. ತಿಳಿದೇ ಇತ್ತೇನೋ. ನನ್ನ ಎದೆಯ ಭಾರ ಇಳಿಸಿಕೊಳ್ಳುವ ಆತುರದಲ್ಲಿ ಅದರ ಕಡೆ ನೋಡಲಿಲ್ಲ.

ಕೆಲವು ದಿನಗಳ ನಂತರ ಆಯಿ ಯಮಕನಮರಡಿಯ ಇನ್ನೊಬ್ಬ ಕುರಿ ಕಾಯುವವನನ್ನು ಟೆಂಪೋ ಕೊಟ್ಟು ಮಸಗುಪ್ಪಿಗೆ ಕಳಿಸಿದಳು, ತನ್ನ ಕುರಿಗಳನ್ನು ತರಲು. ಸುದ್ದಿ ತಿಳಿದು ನಾನೂ ಹೋದೆ. ಯಾರೂ ಕರೆದಿರಲಿಲ್ಲ.

ಮಾವ ತನ್ನ ಹಿಂಡಿನೊಳಗೆ ಬಗ್ಗಿ ನಡೆಯುತ್ತ, ಒಂದೊಂದನ್ನೇ ಹಿಂಗಾಲಿನಿಂದ ಹಿಡಿದು, ಎಡಗಿವಿ ಮುಟ್ಟಿ ನೋಡಿ, ಬಂದವನ ಕೈಗೆ ದಾಟಿಸುತ್ತಿದ್ದ. ಕಾಣುವ ಗುರುತನ್ನೂ ಮುಟ್ಟಿಯೇ ನೋಡುತ್ತಿದ್ದ. ಬಂದವನು ಪರಿಚಯದವನೇ, ನಾಚಿಕೊಂಡು ನೆಲ ನೋಡುತ್ತಿದ್ದ. “ನಾಕ ದಿನ ಬಿಟ್ಟ ಮುದುಕಿ ಸಿಟ್ಟ ಇಳೀತೈತಿ ತಗೋ ಅಣ್ಣಾ,” ಎಂದ. ಮಾವ, “ಸಿಟ್ಟಲ್ಲಪಾ ಅದು,” ಎಂದ ಅಷ್ಟೇ. ಮಾಮಿ ಬಾಗಿಲಲ್ಲಿ ನಿಂತಿದ್ದಳು, ನನ್ನನ್ನು ಒಳಗೆ ಬಾ ಎನ್ನಲಿಲ್ಲ.

ನಾನು ಹತ್ತಿರ ಹೋಗಿ, “ಮಾಮಾ, ನಾ ಖರೇನ ಹೇಳಿದೆ,” ಎಂದೆ. ಎಂಥ ಮಾತು ಅದು. ಆದರೂ ಅದೇ ಬಂತು.

“ಹೂಂ. ಖರೇನ ಹೇಳಿದಿ.” ಒಂದು ಕುರಿಯ ಕಾಲು ಬಿಟ್ಟು ಸೊಂಟ ನೆಟ್ಟಗೆ ಮಾಡಿದ. “ಹಗುರಾತೇನು?”

ಚುಚ್ಚಿದನೋ ಎಂದು ಅವನ ಮುಖ ನೋಡಿದೆ. ಜ್ವರ ಇಳಿಯಿತೇ ಎಂದು ಕೇಳುವವನ ಹಾಗಿತ್ತು.

“ಇಲ್ಲ,” ಎಂದೆ.

“ನನಗ ಆಗಿತ್ತು ನೋಡು. ಉಳಿದವು ಅಲ್ಲೇ ಇರ್ಲಿ ಅಂದ್ಲಲ್ಲ ಚಿಗವ್ವ, ಅವತ್ತ.”

ಮತ್ತೆ ಹಿಂಡಿನೊಳಗೆ ಬಗ್ಗಿದ. ಉಳಿದದ್ದು ಒಂದು ಗಬ್ಬದ ಕುರಿ. ಅದನ್ನು ಎಳೆಯುವಂತಿರಲಿಲ್ಲ, ಎತ್ತಿಯೇ ಏರಿಸಬೇಕಿತ್ತು. “ಹಿಡಿ ಇಲ್ಲಿ, ಹೊಟ್ಟಿ ಕೆಳಗ ಕೈ ಹಾಕು. ಒತ್ತಬ್ಯಾಡ,” ಎಂದ. ನಾನು ಕೈ ಹಾಕಿದೆ. ಬಿಸಿಯಾಗಿತ್ತು, ಒಳಗೆ ಏನೋ ಒಮ್ಮೆ ಹೊರಳಿತು. ಇಬ್ಬರೂ ಸೇರಿ ಎತ್ತಿ ಟೆಂಪೋದೊಳಗೆ ನಿಲ್ಲಿಸಿದೆವು. ಅದು ಮಾವನ ಕಡೆ ತಿರುಗಿ ಕೂಗತೊಡಗಿದಾಗ ಅವನು ಹಲಗೆ ಎತ್ತಿ ಕೊಂಡಿ ಹಾಕಿದ.