ಹಲ್ಲಿಗೆ ಕೇಳಿದ ಸದ್ದು

ಆ ದಿನ ಬಾಗಿಲು ತೊಳೆದೆ, ಮಿಲ್ಲಿನಲ್ಲಿ ಗೋಧಿ ಬೀಸಿಸಿ ತಂದೆ, ಅವರೆಕಾಳು ನೆನೆಹಾಕಿದೆ. ಮಧ್ಯಾಹ್ನ ನಾನೂ ನಮ್ಮವರೂ ಕಾರನ್ನು ಹೊಳೆನರಸೀಪುರ ರಸ್ತೆಯ ಮೆಕ್ಯಾನಿಕ್ ಹತ್ತಿರ ಒಯ್ದೆವು. ಕಾರು ಕೊಂಡು ವರ್ಷವಾಗಿರಲಿಲ್ಲ, ಬ್ರೇಕು ಒತ್ತಿದರೆ ಕಿರ್ರೆನ್ನುತ್ತಿತ್ತು. ಅವನಲ್ಲಿಗೆ ಹೋಗಿದ್ದು ಅದು ಮೂರನೆಯ ಸಲ.

ಅವನಿಗೆ ಎರಡು ಕಿವಿಯೂ ಕೇಳುತ್ತಿರಲಿಲ್ಲ. ನಮ್ಮ ತುಟಿ ನೋಡಿ ಮಾತು ತಿಳಿಯುತ್ತಿದ್ದ. ಗಾಡಿಯ ಸದ್ದನ್ನು ಮಾತ್ರ ಹಲ್ಲಿನಿಂದ ಕೇಳುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಚಕ್ರಕ್ಕೆ ಒತ್ತಿ, ಹಿಡಿಯನ್ನು ಕಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದ. "ಬ್ರೇಕು ಸುಮ್‌ಸುಮ್ನೆ ಕೂಗಾಕಿಲ್ಲ ಸಾ" ಎನ್ನುವುದು ಅವನ ಮಾತು.

ಅಂದು ಪ್ಯಾಡು ಉಜ್ಜಿ ಕೂರಿಸಿದ. ನಮ್ಮವರು ಒಂದು ಸುತ್ತು ಓಡಿಸಿ ಬಂದರು, ಸದ್ದೇ ಇರಲಿಲ್ಲ. ಮರುದಿನ ಮಗಳನ್ನು ಕೂರಿಸಿಕೊಂಡು ಅರಕಲಗೂಡಿಗೆ ಹೋಗುವುದಿತ್ತು, ಅದನ್ನು ಅವನಿಗೂ ಹೇಳಿದ್ದೆವು. ಎಂಜಿನ್ ಆರಿಸಿ ನಿಲ್ಲಿಸಿದ ಕಾರಿಗೆ ಅವನು ಮತ್ತೆ ಸ್ಕ್ರೂಡ್ರೈವರ್ ಹಿಡಿದ.

"ಇನ್ನೂ ಕೂಗ್ತಾನೇ ಅದೆ. ನಾಳೀಕೆ ಇದ್ರಲ್ಲಿ ಓಗ್ಬ್ಯಾಡಿ ಸಾ."

"ನಿಂತಿರೋ ಗಾಡಿ ಕೂಗುತ್ತೇನಯ್ಯಾ? ನಿನಗೇ ಹಲ್ಲು ನೋವಿರಬೇಕು, ತೋರಿಸ್ಕೋ" ಎಂದು ಇವರು ನಕ್ಕರು.

ಅವನು ನಗಲಿಲ್ಲ. ಹಿಡಿಯನ್ನು ಅಂಗಿಗೆ ಒರೆಸಿ ನನ್ನತ್ತ ಚಾಚಿದ. "ನೀವ್ ನೋಡಿ ಅಕ್ಕಾ."

ಸಂಕೋಚದಿಂದಲೇ ಕಚ್ಚಿದೆ. ಮೊದಲು ಗ್ರೀಸಿನ ರುಚಿ ಬಂತು. ಆಮೇಲೆ ಹಲ್ಲಿನ ಬೇರಿನಲ್ಲಿ, ಬಹಳ ದೂರದಿಂದ ಬಂದಂತೆ, ಸಣ್ಣಗೆ ಕಿರ್ರೆಂದಿತು. ಚಕ್ರ ಅಲ್ಲಾಡಿರಲಿಲ್ಲ.

"ನಾಳೆ ಬಸ್ಸಲ್ಲೇ ಹೋಗೋಣ ರೀ" ಎಂದೆ. ಇವರು ನನ್ನ ಮುಖ ನೋಡಿ ಕೀಲಿಯನ್ನು ಅವನ ಕೈಗಿಟ್ಟರು. ಕಾರನ್ನು ಅಲ್ಲೇ ಬಿಟ್ಟು ನಡೆದುಕೊಂಡೇ ಮನೆಗೆ ಬಂದೆವು.

ರಾತ್ರಿ ಚಪಾತಿ, ಅವರೆಕಾಳಿನ ಪಲ್ಯ ತಿಂದೆವು. ಮಗಳು ಮೊದಲು ಮಲಗಿದಳು, ಆಮೇಲೆ ಇವರು. ನಾನು ಹಲ್ಲಿಗೆ ಹಲ್ಲು ತಾಗದಂತೆ ಬಾಯಿ ತೆರೆದುಕೊಂಡೇ ಮಲಗಿದೆ.